ಹಳೆಯ ಮನೆಯಲ್ಲಿ ಅತಿಥಿ

ನಮ್ಮ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ‘ಹೋಟೆಲ್’ ಅಂದರೆ ತಿನ್ನುವ ಜಾಗ. ಅಲ್ಲಿ ಮಿರ್ಚಿ, ಗಿರ್ಮಿಟ್ಟು, ಚಹಾ ಸಿಗುತ್ತವೆ. ಹೊಟ್ಟೆ ತುಂಬ ಉಣ್ಣಬೇಕಾದರೆ ಖಾನಾವಳಿಗೆ ಹೋಗಬೇಕು, ಮಲಗಬೇಕಾದರೆ ಲಾಡ್ಜಿಗೆ. ನಮ್ಮ ಅಪ್ಪನ ಕಾಲದಲ್ಲಿ ಲಾಡ್ಜಿನ ಮಾತೂ ಇರಲಿಲ್ಲ. ಪರಊರಿಗೆ ಹೋದವರು ಬೀಗರ ಮನೆಯಲ್ಲೋ, ಮಠದಲ್ಲೋ, ಛತ್ರದಲ್ಲೋ, ಅದೂ ಇಲ್ಲದಿದ್ದರೆ ದಲಾಲರ ಅಂಗಡಿಯ ಕಟ್ಟೆಯ ಮೇಲೋ ರಾತ್ರಿ ಕಳೆದು ಬರುತ್ತಿದ್ದರು. ಆದ್ದರಿಂದ ಕಳೆದ ದಸರಾ ರಜೆಯಲ್ಲಿ ನನ್ನ ಅಳಿಯ ಫೋನು ಮಾಡಿ, “ಮಾವಾರ, ಮೈಸೂರಿನ್ಯಾಗ ಗ್ರೀನ್ ಹೋಟೆಲಿನ್ಯಾಗ ನಿಮಗೆ ಎರಡು ರಾತ್ರಿಗೆ ರೂಮ್ ಹಿಡದೀನಿ” ಎಂದಾಗ, ನಾಲ್ಕನೇ ಇಯತ್ತೆಯ ಮೊಮ್ಮಗ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು: “ಅಜ್ಜಾ, ಹೋಟೆಲಿನ್ಯಾಗ ಮಲಗಾಕ ಬಿಡ್ತಾರೇನ?”

ಬಿಡುತ್ತಾರೆ. ಅಷ್ಟೇ ಅಲ್ಲ, ಅದು ಒಂದು ಕಾಲದಲ್ಲಿ ರಾಜಕುಮಾರಿಯರ ಮನೆಯಾಗಿತ್ತು ಎಂದು ಅಳಿಯ ಹೇಳಿದ. ಏಳನೇ ಇಯತ್ತೆಯ ಮೊಮ್ಮಗಳಿಗೆ ಅಂದಿನಿಂದಲೇ ನಿದ್ದೆ ಬರಲಿಲ್ಲ.

ಈ ಪ್ರವಾಸದ ಕಥೆ ಹೇಳುವ ಮೊದಲು ಇನ್ನೊಂದು ಮನೆಯ ವಿಷಯ ಹೇಳಬೇಕು. ನಾನೀಗ ಇರುವುದು ಹಾವೇರಿಯಲ್ಲಿ. ಮಗಳನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದೇವೆ. ಆದರೆ ನಮ್ಮ ಮೂಲ ಮನೆ ಇರುವುದು ಬ್ಯಾಡಗಿಯಲ್ಲಿ. ನಮ್ಮ ಅಜ್ಜ ಕಟ್ಟಿಸಿದ 16 ಅಂಕಣದ ಮನೆ ಅದು. ಮಕ್ಕಳಿಗೆ ಅಂಕಣ ಅಂದರೆ ಗೊತ್ತಿರಲಿಕ್ಕಿಲ್ಲ. ಈಗ ಮನೆಯನ್ನು ಚದರಡಿಯಲ್ಲಿ ಅಳೆಯುತ್ತಾರೆ. ಆಗ ಕಂಬದಿಂದ ಕಂಬಕ್ಕೆ ಇರುವ ಜಾಗವನ್ನು ಒಂದು ಅಂಕಣ ಎಂದು ಲೆಕ್ಕ ಹಿಡಿಯುತ್ತಿದ್ದರು. ಮುಂದೆ ಕಟ್ಟೆ, ಒಳಗೆ ಹೋದರೆ ದನ ಕಟ್ಟುವ ಜಾಗ, ಒಂದು ಮೆಟ್ಟಿಲು ಮೇಲೆ ಪಡಸಾಲೆ, ಆಮೇಲೆ ನಡುಮನೆ, ದೇವರ ಕೋಣೆ, ಅಡಿಗೆಮನೆ, ಹಿತ್ತಲು. ಗೋಡೆ ಎರಡು ಮೊಳ ದಪ್ಪ. ಪಡಸಾಲೆಯ ನೆಲದಡಿಯಲ್ಲಿ ಜೋಳ ತುಂಬುವ ಹಗೇವು. ಮುಂದಿನ ಅರ್ಧ ಮಣ್ಣಿನ ಮಾಳಿಗೆ, ಹಿಂದಿನ ಅರ್ಧ ಮಂಗಳೂರು ಹೆಂಚು.

ನಾವು ಮೂವರು ಅಣ್ಣತಮ್ಮಂದಿರು. ಮೂವರೂ ಆ ಮನೆಯಲ್ಲಿ ಇಲ್ಲ. ಆರು ವರ್ಷದಿಂದ ಬೀಗ ಬಿದ್ದಿದೆ. ಒಂದು ಮೂಲೆಯಲ್ಲಿ ಮಾಳಿಗೆ ಸೋರುತ್ತಿದೆ. ಕಿರಿಯ ತಮ್ಮನಿಗೆ ಅದನ್ನು ಕೆಡವಿ, ಜಾಗ ಮಾರಿ, ಮೂರು ಪಾಲು ಮಾಡಿಬಿಡಬೇಕು ಎಂದು ಆಸೆ. ಅವನ ಮಗನಿಗೆ ಬೆಂಗಳೂರಿನಲ್ಲಿ ಮನೆ ಕೊಳ್ಳಲು ಹಣ ಬೇಕು. ಅದು ತಪ್ಪು ಎಂದು ನಾನು ಹೇಗೆ ಹೇಳಲಿ? ದೀಪಾವಳಿಗೆ ಎಲ್ಲರೂ ಕೂಡಿದಾಗ ತೀರ್ಮಾನ ಮಾಡೋಣ ಎಂದು ಮಾತಾಗಿತ್ತು. ಈ ಗಂಟನ್ನು ತಲೆಯಲ್ಲಿ ಇಟ್ಟುಕೊಂಡೇ ನಾನು ಮೈಸೂರಿನ ರೈಲು ಹತ್ತಿದೆ.

ನಾನು, ನನ್ನ ಮನೆಯಾಕೆ ಹಾವೇರಿಯಲ್ಲಿ ಹತ್ತಿದೆವು. ಬ್ಯಾಡಗಿ ಬಂದಾಗ ಕತ್ತಲಾಗಿತ್ತು. ಮೆಣಸಿನಕಾಯಿಯ ಸುಗ್ಗಿ ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ಆ ಘಾಟು ಇರಲಿಲ್ಲ. ಸುಗ್ಗಿಯಲ್ಲಾದರೆ ಮಾರುಕಟ್ಟೆಯ ಹತ್ತಿರ ಸುಳಿದವರೆಲ್ಲ ಸೀನುತ್ತಾರೆ. ನಮ್ಮ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದರ ಬಣ್ಣ ತೆಗೆದು ತುಟಿಗೆ ಹಚ್ಚುವ ರಂಗಿಗೂ ಬಳಸುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ರಾಣೆಬೆನ್ನೂರಿನಲ್ಲಿ ಮಗಳು, ಮೊಮ್ಮಕ್ಕಳು ಹತ್ತಿದರು. ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಮುಗಿಯುವಷ್ಟರಲ್ಲಿ ದಾವಣಗೆರೆ ಹಿಂದೆ ಬಿದ್ದಿತ್ತು.

ಬೆಳಿಗ್ಗೆ ಮೈಸೂರು ನಿಲ್ದಾಣದ ಹೊರಗೆ ಆಟೋದವನಿಗೆ ಹೋಟೆಲಿನ ಹೆಸರು ಹೇಳಿದೆ. “ಹುಣಸೂರು ರೋಡ್‌ದಲ್ವಾ ಸಾರ್? ಪ್ರೀಮಿಯರ್ ಸ್ಟುಡಿಯೋ ಇತ್ತಲ್ಲ, ಅಲ್ಲೇ” ಎಂದ. ಆ ಹೆಸರು ಕೇಳಿ ನನ್ನ ಮೈ ಒಮ್ಮೆ ಜುಮ್ಮೆಂದಿತು. ಅದರ ಕಾರಣ ಮುಂದೆ ಹೇಳುತ್ತೇನೆ.

ಜಯಲಕ್ಷ್ಮೀಪುರದ ಆ ರಸ್ತೆಯಲ್ಲಿ ವಾಹನಗಳ ಗದ್ದಲ ವಿಪರೀತ. ಗೇಟಿನೊಳಗೆ ಕಾಲಿಟ್ಟರೆ ತೋಟ, ಹುಲ್ಲುಹಾಸು, ನೆರಳು. ಅದರ ನಡುವೆ ಎರಡು ಅಂತಸ್ತಿನ ಹಳೆಯ ಮನೆ. ಅದರ ಮೂಲ ಹೆಸರು ಚಿತ್ತರಂಜನ್ ಅರಮನೆ. 1920ರ ದಶಕದಲ್ಲಿ ಮೈಸೂರು ಒಡೆಯರು ರಾಜಕುಮಾರಿಯರಿಗಾಗಿ ಕಟ್ಟಿಸಿದ್ದು. ಅರಮನೆ ಎಂದ ಕೂಡಲೇ ಮೊಮ್ಮಗ ಆನೆ, ಸಿಂಹಾಸನ, ಲಕ್ಷ ದೀಪ ಎಲ್ಲ ಕಲ್ಪಿಸಿಕೊಂಡಿದ್ದ. “ಇಷ್ಟ ಸಣ್ಣ ಅರಮನೀ?” ಎಂದು ಮುಖ ಸಣ್ಣದು ಮಾಡಿದ. ನನಗೆ ಅದು ಸಣ್ಣದಾಗಿದ್ದದ್ದೇ ಇಷ್ಟವಾಯಿತು. ದರ್ಬಾರು ನಡೆಸುವ ಅರಮನೆ ಬೇರೆ, ಮನುಷ್ಯರು ಉಂಡು ಮಲಗಿ ಬಾಳುವ ಮನೆ ಬೇರೆ. ಇದು ಎರಡನೆಯ ಜಾತಿಯದು.

ನಮ್ಮ ಕೋಣೆಯಲ್ಲಿ ಏಸಿ ಇರಲಿಲ್ಲ. ಆ ಹೋಟೆಲಿನವರು ಬೇಕೆಂದೇ ಏಸಿ ಇಟ್ಟಿಲ್ಲ. ಸ್ನಾನದ ನೀರು ಕಾಯಿಸುವುದೂ ಬಿಸಿಲಿನಿಂದಲೇ. ಎತ್ತರದ ಚಾವಣಿ, ದಪ್ಪ ಗೋಡೆ, ಎದುರುಬದುರು ಕಿಟಕಿ ಇದ್ದ ಮೇಲೆ ಏಸಿಗೆ ಏನು ಕೆಲಸ? ನನ್ನ ಮನೆಯಾಕೆ ಒಳಗೆ ಬಂದವಳೇ ಗೋಡೆಯ ಮೇಲೆ ಅಂಗೈ ಇಟ್ಟು, “ತಣ್ಣಗ ಐತಿ ನೋಡ್ರಿ, ನಮ್ಮ ಬ್ಯಾಡಗಿ ಮನೀ ಹಂಗ” ಎಂದಳು. ನಾನು ಮಾತಾಡಲಿಲ್ಲ.

ಮಧ್ಯಾಹ್ನ ವರಾಂಡದ ಕುರ್ಚಿಯಲ್ಲಿ ಕುಳಿತು ಮಕ್ಕಳಿಗೆ ಆ ಮನೆಯ ಆಯುಷ್ಯದ ಕಥೆ ಹೇಳಿದೆ. ರಾಜರ ಆಳ್ವಿಕೆ ಹೋಯಿತು. ರಾಜಕುಮಾರಿಯರ ಮನೆಗೆ ಬೇರೆ ಕೆಲಸ ಹುಡುಕಬೇಕಾಯಿತು. 1950ರ ದಶಕದಲ್ಲಿ ಇಲ್ಲಿ ಪ್ರೀಮಿಯರ್ ಸ್ಟುಡಿಯೋ ಶುರುವಾಯಿತು. ಸಿನಿಮಾದವರು ಇಲ್ಲಿ ಚಿತ್ರ ತೆಗೆದರು. ಬಣ್ಣ ಹಚ್ಚಿದವರು, ದೀಪ ಹಿಡಿದವರು, ಹಲಗೆ ಬಡಿದು ಸೆಟ್ ಕಟ್ಟಿದವರು ಎಷ್ಟೋ ಜನ ಇಲ್ಲಿ ಅನ್ನ ಕಂಡರು. 1989ರ ಫೆಬ್ರುವರಿ 8ರಂದು ಇದೇ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಎಂಬ ದೂರದರ್ಶನದ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಸೆಟ್ಟಿಗೆ ಬೆಂಕಿ ಹತ್ತಿತು. 62 ಜನ ಪ್ರಾಣ ಕಳೆದುಕೊಂಡರು. ನಿರ್ಮಾಪಕ, ನಟ ಸಂಜಯ್ ಖಾನ್ ತೀವ್ರ ಸುಟ್ಟಗಾಯಗಳಿಂದ ಹೇಗೋ ಬದುಕಿದರು. ಆಗ ನಾನು ರಾಣೆಬೆನ್ನೂರಿನ ಶಾಖೆಯಲ್ಲಿದ್ದೆ. ಮರುದಿನ ಪೇಪರು ಕೈಯಿಂದ ಕೈಗೆ ಹೋಗಿ, ಕ್ಯಾಶ್ ಕೌಂಟರಿನ ಮುಂದೆ ಸರದಿ ನಿಂತವರೂ ಟೋಕನ್ ಮರೆತು ಓದಿದ್ದು ನೆನಪಿದೆ. ಆಟೋದವನ ಮಾತಿಗೆ ಮೈ ಜುಮ್ಮೆಂದದ್ದು ಅದಕ್ಕೇ.

ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅಷ್ಟು ಮಂದಿ ಸತ್ತ ಮ್ಯಾಲೆ ಈ ಮನಿ ಯಾಕ ಉಳಿಸಿದ್ರು ಅಜ್ಜಾ?” ಎಂದಳು. ನಾನು ಹೇಳಿದೆ, “ಮನಿ ಏನು ಮಾಡೀತವ್ವಾ? ಅದರ ಮ್ಯಾಲೆ ಒಂದು ಕೆಟ್ಟ ದಿನಾ ಬಂತು ಅಂತ ಅದರ ಒಳ್ಳೆ ದಿನಾನೂ ಕೆಡವಬೇಕೇನು?”

1990ರ ದಶಕದಲ್ಲಿ ಲಂಡನ್ನಿನ ಚಾರಿಟೀಸ್ ಅಡ್ವೈಸರಿ ಟ್ರಸ್ಟ್ ಎಂಬ ಸಂಸ್ಥೆಯ ಹಿಲರಿ ಬ್ಲೂಮ್ ಎಂಬ ಮಹಿಳೆಯ ಮುಂದಾಳತ್ವದಲ್ಲಿ ಪಾಳು ಬೀಳುತ್ತಿದ್ದ ಈ ಮನೆಯನ್ನು ರಿಪೇರಿ ಮಾಡಿ ಹೋಟೆಲು ಮಾಡಿದರು. ಇದರ ಲಾಭ ಯಾರ ಜೇಬಿಗೂ ಹೋಗುವುದಿಲ್ಲ. ಭಾರತದಲ್ಲಿನ ಸೇವಾ ಕೆಲಸಗಳಿಗೆ, ಪರಿಸರದ ಕೆಲಸಗಳಿಗೆ ಹೋಗುತ್ತದೆ. ಬೇರೆಡೆ ಕೆಲಸ ಸಿಗುವುದು ಕಷ್ಟವಾದವರಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಇಲ್ಲಿ ಕೆಲಸ ಕೊಡುತ್ತಾರೆ. ಬಿ.ಕಾಂ. ಓದಿದವನು ನಾನು, ‘ಲಾಭ’ ಎಂಬ ಶಬ್ದ ಕೇಳಿದರೆ ಕಿವಿ ನೆಟ್ಟಗಾಗುತ್ತದೆ. ಮಾಲೀಕನಿಗೆ ಲಾಭ ಬೇಡವಾದ ಹೋಟೆಲನ್ನು ನಾನು ಮೊದಲ ಸಲ ಕಂಡೆ.

ಬಿ.ಕಾಂ. ಎಂದ ಮೇಲೆ ಒಂದು ಲೆಕ್ಕ ಹೇಳುತ್ತೇನೆ, ಮಕ್ಕಳೇ ಕೇಳಿ. ನೀವು 10,000 ರೂಪಾಯಿಗೆ ಒಂದು ಸೈಕಲ್ ಕೊಂಡಿರಿ ಅನ್ನಿ. ವರ್ಷಕ್ಕೆ 1,000 ರೂಪಾಯಿಯಂತೆ ಅದರ ಬೆಲೆ ಕಡಿಮೆಯಾಯಿತು ಎಂದು ಪುಸ್ತಕದಲ್ಲಿ ಬರೆಯುತ್ತಾ ಹೋಗುತ್ತೇವೆ. ಇದಕ್ಕೆ ‘ಸವಕಳಿ’ ಎನ್ನುತ್ತಾರೆ. 10 ವರ್ಷಕ್ಕೆ ಪುಸ್ತಕದಲ್ಲಿ ಆ ಸೈಕಲ್ಲಿನ ಬೆಲೆ ಸೊನ್ನೆ. ಆದರೆ ಎಣ್ಣೆ ಬಿಟ್ಟು, ಗಾಳಿ ಹಾಕಿ ಇಟ್ಟುಕೊಂಡಿದ್ದರೆ ಹನ್ನೊಂದನೆಯ ವರ್ಷವೂ ಅದು ನಿಮ್ಮನ್ನು ಸಾಲಿಗೆ ಮುಟ್ಟಿಸುತ್ತದೆ. ಮನೆಗೂ ಹೀಗೆಯೇ ಸವಕಳಿ ಬರೆಯುತ್ತಾರೆ. ಕೆಳಗಿನ ಜಾಗಕ್ಕೆ ಮಾತ್ರ ಬರೆಯುವುದಿಲ್ಲ. ಹಾಗಾಗಿ ಹಳೆಯ ಮನೆ ಎಂದರೆ ಲೆಕ್ಕದ ಕಣ್ಣಿಗೆ ಬರೀ ಜಾಗ. ನನ್ನ ತಮ್ಮ ಆಡುತ್ತಿದ್ದ ಮಾತೂ ಅದೇ. ಅವನ ಲೆಕ್ಕ ತಪ್ಪಲ್ಲ. ಆದರೆ ಪುಸ್ತಕದಲ್ಲಿ ಸೊನ್ನೆಯಾದ ಗೋಡೆಗೆ ನಾನು ಬೆನ್ನು ಆನಿಸಿ ಕುಳಿತಿದ್ದೆ. ಅದು ತಂಪಾಗಿಯೇ ಇತ್ತು.

ಮರುದಿನ ಊರು ತಿರುಗಿದೆವು. ದೊಡ್ಡ ಅರಮನೆ ಎಲ್ಲರೂ ನೋಡುವುದೇ. ನಾನು ಮಕ್ಕಳಿಗೆ ಬೇಕೆಂದೇ ಬೇರೆ ಮನೆಗಳನ್ನು ತೋರಿಸಿದೆ. ಹೋಟೆಲಿನ ಸಮೀಪವೇ ಮಾನಸಗಂಗೋತ್ರಿಯಲ್ಲಿ ಜಯಲಕ್ಷ್ಮೀ ವಿಲಾಸ ಇದೆ. ಅದೂ ಒಬ್ಬ ರಾಜಕುಮಾರಿಯ ಮನೆ. ಅದರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಜಾನಪದ ವಸ್ತುಸಂಗ್ರಹಾಲಯ ಮಾಡಿದರು. ಇನ್ನೊಬ್ಬ ರಾಜಕುಮಾರಿಯ ಮನೆ ಚೆಲುವಾಂಬ ಮ್ಯಾನ್ಷನ್. 1950ರಿಂದ ಅಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ ಇದೆ. ಅಲ್ಲಿಂದ ಯಾದವಗಿರಿಗೆ ಹೋದೆವು. ‘ಮಾಲ್ಗುಡಿ’ಯ ಕಥೆಗಳನ್ನು ಬರೆದ ಆರ್.ಕೆ. ನಾರಾಯಣ್ ಅವರ ಮನೆ ಅಲ್ಲಿದೆ. ನಮ್ಮ ವಯಸ್ಸಿನವರಿಗೆ ಶಂಕರ್‌ನಾಗ್ ತೆಗೆದ ಧಾರಾವಾಹಿಯ ಸ್ವಾಮಿ ನೆನಪಿರಬೇಕು. 2011ರಲ್ಲಿ ಆ ಮನೆಯನ್ನು ಕೆಡವಲು ಶುರುಮಾಡಿದ್ದರು. ಜನ ಎದ್ದು ಬೇಡವೆಂದರು. ಕೆಲಸ ನಿಂತಿತು. ಮಹಾನಗರ ಪಾಲಿಕೆ ಅದನ್ನು ಕೊಂಡು ರಿಪೇರಿ ಮಾಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಹಾರೆಯ ಪೆಟ್ಟು ತಿಂದ ಮೇಲೂ ಒಂದು ಮನೆ ಉಳಿಯಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಈ ನಾಲ್ಕೂ ಮನೆಗಳನ್ನು ನೋಡಿದ ಮೇಲೆ ನನಗೆ ಒಂದು ಮಾತು ಸ್ಪಷ್ಟವಾಯಿತು. ಮನೆ ಹಳೆಯದಾಗಿ ಬೀಳುವುದಿಲ್ಲ, ಕೆಲಸವಿಲ್ಲದೆ ಬೀಳುತ್ತದೆ. ದಿನಾ ಬಾಗಿಲು ತೆರೆದು, ಕಸ ಹೊಡೆದು, ದೀಪ ಹಚ್ಚಿದರೆ ಸೋರಿಕೆ ಸಣ್ಣದಿರುವಾಗಲೇ ಕಣ್ಣಿಗೆ ಬೀಳುತ್ತದೆ. ಬೀಗ ಹಾಕಿದ ಮನೆಯಲ್ಲಿ ಗೆದ್ದಲಿಗೆ ಮಾತ್ರ ಕೆಲಸ. ಇದು ನಮ್ಮಂಥ ನಿವೃತ್ತರಿಗೂ ಹೊಂದುವ ಮಾತೇ!

ನಾನು ನೌಕರಿಗೆ ಸೇರಿದ ಶಾಖೆಯೂ ಒಂದು ಹಳೆಯ ಮನೆಯಲ್ಲಿತ್ತು. ವ್ಯಾಪಾರಸ್ಥರೊಬ್ಬರ ಮನೆಯ ಪಡಸಾಲೆಯಲ್ಲಿ ನಮ್ಮ ಕೌಂಟರು, ಕಾಳಿನ ಕೋಣೆಯಲ್ಲಿ ತಿಜೋರಿ. ಸಾಗವಾನಿ ಕಂಬಕ್ಕೆ ಬಡ್ಡಿ ದರದ ಬೋರ್ಡು ತೂಗುಹಾಕಿದ್ದೆವು. ಹಳ್ಳಿಯಿಂದ ಬಂದ ರೈತರು ಬ್ಯಾಂಕು ಎಂದು ಹೆದರುತ್ತಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಕಂಬಕ್ಕೆ ಒರಗಿ ಕುಳಿತು, ಸಾಲದ ಮಾತಿನ ಜೊತೆ ಮಳೆಯ ಮಾತೂ ಆಡುತ್ತಿದ್ದರು. ಶಾಖೆ ಹೊಸ ಕಟ್ಟಡಕ್ಕೆ ಹೋದ ಮೇಲೆ ಗಾಜಿನ ಬಾಗಿಲ ಹೊರಗೇ ನಿಂತು, “ಒಳಗ ಬರಬಹುದೇನ್ರಿ?” ಎನ್ನತೊಡಗಿದರು.

ಬ್ಯಾಂಕಿನವರ ಮಾತು ಬಂದದ್ದಕ್ಕೆ ಇನ್ನೊಬ್ಬರನ್ನು ನೆನೆಯಬೇಕು. ಮಣಿಪಾಲದ ವಿಜಯನಾಥ ಶೆಣೈ ಸಿಂಡಿಕೇಟ್ ಬ್ಯಾಂಕಿನ ನೌಕರರಾಗಿದ್ದರು. ಊರೂರುಗಳಲ್ಲಿ ಕೆಡವುತ್ತಿದ್ದ ಮನೆಗಳ ಕಂಬ, ಬಾಗಿಲು, ತೊಲೆ ತಂದು ಮೊದಲು ತಮ್ಮ ಸ್ವಂತ ಮನೆಯನ್ನು ಕಟ್ಟಿದರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು, ಬಿಚ್ಚಿದಂತೆಯೇ ಮತ್ತೆ ಜೋಡಿಸಿ, ಮಣಿಪಾಲದಲ್ಲಿ ‘ಹಸ್ತಶಿಲ್ಪ’ ಎಂಬ ಮನೆಗಳ ಊರನ್ನೇ ಎಬ್ಬಿಸಿದರು. ನಮ್ಮ ಬಯಲುಸೀಮೆಯ ಕುಕನೂರಿನ ಕಮಲ ಮಹಲ್, ಮುಧೋಳದ ಅರಮನೆ ಅಲ್ಲಿವೆ. ಅವರು 2017ರಲ್ಲಿ ತೀರಿಕೊಂಡರು. ಬ್ಯಾಂಕಿನ ಸಂಬಳದ ಮನುಷ್ಯ ಇಷ್ಟು ಮಾಡಬಲ್ಲನೇ ಎಂದು ನಾನು ಅನೇಕ ಸಲ ಬೆರಗಾಗಿದ್ದೇನೆ.

ಎರಡನೆಯ ರಾತ್ರಿ ಊಟವಾದ ಮೇಲೆ ನಾನು ಹಳೆಯ ಮನೆಗಳ ಗುಣಗಾನ ಜೋರಾಗಿ ನಡೆಸಿದ್ದೆ. ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಕೋಲು, ನಾಗೊಂದಿಗೆಯ ಮೇಲಿನ ಹಿತ್ತಾಳೆ ಕೊಡ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿ ಚಿಕ್ಕಿ ಎಣಿಸಿದ್ದು... ನನ್ನ ಮನೆಯಾಕೆ ಅಲ್ಲಿಯ ತನಕ ಕೇಳಿ, ಒಂದೇ ಮಾತು ಅಂದಳು: “ನಿಮಗೇನ್ರಿ, ಪಡಸಾಲ್ಯಾಗ ಕುಂತು ಉಂಡೋರು. ಅಡಿಗಿಮನಿ ಹೊಗಿಯೊಳಗ ಕಣ್ಣೀರು ಸುರಿಸಿದಾಕಿ ನಾನು. ರಾತ್ರಿ ಚೊಂಬು ಹಿಡಕೊಂಡು ಹಿತ್ತಲಕ್ಕ ಹೋಗಾಕಿ ನಾನು. ಚೇಳು ಕಡಿಸಿಕೊಂಡಾಕಿನೂ ನಾನs.”

ಮಗಳು ನಕ್ಕಳು. ನಾನೂ ನಕ್ಕೆ, ಆದರೆ ಮಾತು ನಾಟಿತು. ಈ ಹೋಟೆಲನ್ನೇ ನೋಡಿ. ಗೋಡೆ, ಚಾವಣಿ, ವರಾಂಡ ಉಳಿಸಿದ್ದಾರೆ; ಕೋಣೆಗೆ ಹೊಂದಿ ಬಚ್ಚಲು, ನಲ್ಲಿ, ಬಿಸಿನೀರು, ಬೆಳಕು ಹೊಸದಾಗಿ ಮಾಡಿದ್ದಾರೆ. ಉಳಿಸುವುದು ಎಂದರೆ ಹೊಗೆಯನ್ನೂ ಚೇಳನ್ನೂ ಉಳಿಸುವುದಲ್ಲ. ಮನೆಯ ಎಲುಬು ಉಳಿಯಬೇಕು, ಅದರೊಳಗೆ ಈಗಿನವರು, ಅದರಲ್ಲೂ ಹೆಣ್ಣುಮಕ್ಕಳು, ಸುಖವಾಗಿ ಬಾಳುವಂತಿರಬೇಕು.

ಊರಿಗೆ ಬಂದು ನಾಲ್ಕು ದಿನಕ್ಕೆ ಬ್ಯಾಡಗಿಗೆ ಹೋಗಿ ಬೀಗ ತೆಗೆದೆ. ಜೊತೆಗೆ ನಮ್ಮ ಕಡೆಯ ಹಳೆಯ ಗೌಂಡಿಯೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಅವರು ಗೋಡೆಯನ್ನು ಬೆರಳ ಗಂಟಿನಿಂದ ಬಡಿದು ಬಡಿದು ಕೇಳಿದರು, ವೈದ್ಯರು ಬೆನ್ನು ಬಡಿದು ನೋಡುವ ಹಾಗೆ. ಅವರು ಹೇಳಿದ್ದನ್ನು ನಿಮ್ಮ ಉಪಯೋಗಕ್ಕೆ ಬರೆಯುತ್ತೇನೆ. ಮಣ್ಣಿನ ಗೋಡೆ ಉಸಿರಾಡುತ್ತದೆ. ಒಳಗೆ ಸೇರಿದ ತೇವ ನಿಧಾನಕ್ಕೆ ಹೊರಗೆ ಆರುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಕೂತು ಗೋಡೆ ಕೊಳೆಯುತ್ತದೆ. ಅದಕ್ಕೆ ಮಣ್ಣು, ಇಲ್ಲವೇ ಸುಣ್ಣದ ಗಚ್ಚೇ ಆಗಬೇಕು. ಮಾಳಿಗೆಗೆ ಮಳೆಗಾಲದ ಮುಂಚೆ ಪ್ರತಿ ವರ್ಷ ಸವುಳು ಮಣ್ಣು ಹಾಕಿ, ನೀರು ಹರಿದು ಹೋಗುವ ದಾರಿ ಚೊಕ್ಕ ಮಾಡಿದರೆ ಸೋರುವುದಿಲ್ಲ. ಹೆಂಚು ಒಂದು ಒಡೆದರೆ ಒಂದನ್ನೇ ಬದಲಿಸಿದರೆ ಸಾಕು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಶುರುಮಾಡಿದರು. ಆ ಬಗೆಯ ಹೆಂಚು ಇವತ್ತಿಗೂ ಸಿಗುತ್ತದೆ. “ಎರಡು ಜಂತಿ ಗೆದ್ದಲು ತಿಂದಾವ್ರಿ. ಕಂಬ ಒಂದೂ ಅಲುಗಿಲ್ಲ. ಇನ್ನೂ ನಿಮ್ಮ ಮೊಮ್ಮಕ್ಕಳ ಮದುವಿ ನೋಡ್ತಾವು” ಎಂದರು ಗೌಂಡಿ.

ದೀಪಾವಳಿಗೆ ಮೂವರೂ ಕೂಡಿದೆವು. ನಾನು ಮೈಸೂರಿನ ವಿಷಯ ಹೇಳಿದಾಗ ಕಿರಿಯ ತಮ್ಮ, “ಅಣ್ಣಾ, ನೀ ಅರಮನ್ಯಾಗ ಮಲಗಿ ಬಂದಿ. ನಮ್ಮ ಬ್ಯಾಡಗಿ ಮನೀಗೆ ಯಾವ ರಾಣಿ ಬರ್ತಾಳ?” ಎಂದು ಕೇಳಿದ. ಎಲ್ಲರೂ ನಕ್ಕರು. ಆಗ ಮೊಮ್ಮಗಳು ಮೂಲೆಯಿಂದ, “ರಾಣಿ ಯಾಕ ಬೇಕ್ರಿ ಅಜ್ಜಾರ? ಮೆಣಸಿನಕಾಯಿ ಮಾರಾಕ ಬಳ್ಳಾರಿ, ಆಂಧ್ರದಿಂದ ರೈತರು ಬರ್ತಾರಲ್ಲ, ಅವರು ಎಲ್ಲಿ ಮಲಗ್ತಾರ?” ಎಂದಳು. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಸುಗ್ಗಿಯಲ್ಲಿ ಅವರು ಚೀಲಗಳ ಮೇಲೆಯೇ ಮಲಗುವುದನ್ನು ನಾವೆಲ್ಲ ನೋಡಿದವರೇ.

ತೀರ್ಮಾನ ಪೂರ್ತಿ ಆಗಿಲ್ಲ. ತಮ್ಮನ ಅವಸರವೂ ನಿಜವಾದದ್ದೇ. ಮಗನ ಮನೆಯ ಕಂತು ನನ್ನ ಭಾವನೆಗಾಗಿ ಕಾಯುವುದಿಲ್ಲ. ಕಡೆಗೆ ಒಂದು ಒಪ್ಪಂದಕ್ಕೆ ಬಂದೆವು. ಹಿತ್ತಲ ಕಡೆಯ ಖುಲ್ಲಾ ಜಾಗ ಮಾರಿ ಆ ಹಣ ಮೊದಲು ಅವನಿಗೆ ಕೊಡುವುದು. ಮುಂದಿನ 16 ಅಂಕಣಕ್ಕೆ ಬರುವ ವರ್ಷದ ಯುಗಾದಿಯ ತನಕ ಕೈ ಹಚ್ಚಬಾರದು. ಅಷ್ಟರಲ್ಲಿ ಮಾಳಿಗೆಯ ರಿಪೇರಿ ನನ್ನ ಖರ್ಚಿನಲ್ಲಿ ಆಗಬೇಕು, ಪಡಸಾಲೆ ಮತ್ತು ಎರಡು ಕೋಣೆಗಳನ್ನು ಸುಗ್ಗಿಯ ತಿಂಗಳುಗಳಲ್ಲಿ ರೈತರ ವಸತಿಗೆ ಕೊಟ್ಟು ನೋಡಬೇಕು. ತನ್ನ ಖರ್ಚನ್ನು ತಾನೇ ದುಡಿದುಕೊಂಡರೆ ಮನೆ ಉಳಿಯಿತು. ಇಲ್ಲದಿದ್ದರೆ ನಾನು ತಕರಾರು ಮಾಡದೆ ಸಹಿ ಹಾಕುತ್ತೇನೆ. ನಡುವಿನ ತಮ್ಮ ಎಂದಿನಂತೆ ಏನೂ ಹೇಳಲಿಲ್ಲ, ಆದರೆ ಏಣಿ ಹಾಕಿ ಮಾಳಿಗೆ ಹತ್ತಿ ನೋಡಿ ಬಂದ. ನನ್ನ ಮನೆಯಾಕೆಯ ಷರತ್ತು ಒಂದೇ: ಮೊದಲು ಎರಡು ಪಾಯಖಾನೆ, ಆಮೇಲೆ ಮಾಳಿಗೆ. ಒಂದು ಠೇವಣಿ ಮುರಿಸಿದ್ದೇನೆ. ಪಾಯಖಾನೆಯ ಪಾಯ ತೋಡಿ ಆಗಿದೆ.

ಈಗ ಈ ಪತ್ರಿಕೆ ಓದುವ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಊರಿನಲ್ಲಿ, ನಿಮ್ಮ ಅಜ್ಜನದೋ ಪಕ್ಕದ ಮನೆಯವರದೋ ಒಂದು ಹಳೆಯ ಮನೆ ಇದ್ದೇ ಇರುತ್ತದೆ. ರಜೆಯಲ್ಲಿ ಒಂದು ನೋಟಬುಕ್ಕು, ಒಂದು ಅಳತೆ ಟೇಪು ತೆಗೆದುಕೊಂಡು ಅಜ್ಜಿಯ ಜೊತೆ ಹೋಗಿ. ಎಷ್ಟು ಅಂಕಣ ಎಣಿಸಿ. ಕಂಬ ಯಾವ ಮರದ್ದು, ಗೋಡೆ ಎಷ್ಟು ದಪ್ಪ ಬರೆಯಿರಿ. ಪಡಸಾಲೆ, ನಾಗೊಂದಿಗೆ, ಹಗೇವು, ನೆಲುವು, ಬೆಳಕಿಂಡಿ ಎಲ್ಲದರ ಹೆಸರು ಕೇಳಿ ಚಿತ್ರ ಬಿಡಿಸಿ. ಅಜ್ಜಿಗೆ ಮರೆಯದೆ ಇನ್ನೊಂದು ಪ್ರಶ್ನೆ ಕೇಳಿ: “ಈ ಮನೆಯಲ್ಲಿ ನಿನಗೆ ಯಾವುದು ಕಷ್ಟವಾಗಿತ್ತು?” ಆ ಉತ್ತರವನ್ನೂ ಬರೆದಿಡಿ. ರಿಪೇರಿ ಶುರುವಾಗಬೇಕಾದದ್ದು ಅಲ್ಲಿಂದಲೇ.